ತೊಟ್ಟಿಲಿನ ಎಡ ಮಗ್ಗುಲಿನ ಹೊಲಿಗೆ

ಗೆರೆ ಸೊಟ್ಟಗಿದ್ದರೆ ಇಂದುವಿಗೆ ಊಟ ಸೇರುತ್ತಿರಲಿಲ್ಲ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವಳು ಚಿತ್ರಕಲೆಯ ಶಿಕ್ಷಕಿ. ೧೯೩೭ರ ಶ್ರಾವಣದಲ್ಲಿ ಅವಳಿಗೊಂದು ಹುಚ್ಚು ಹಿಡಿಯಿತು. ಸುತ್ತಲಿನ ಹಳ್ಳಿಗಳ ಕಸೂತಿಯನ್ನೆಲ್ಲ ಚೌಕಳಿ ಕಾಗದದ ಮೇಲೆ ಇಳಿಸಿ ಪುಸ್ತಕ ಮಾಡಬೇಕು! ತಾನು ಮಾತ್ರ ಕಸೂತಿಗೆಂದು ಒಮ್ಮೆಯೂ ಸೂಜಿ ಹಿಡಿದವಳಲ್ಲ. ಹಿಡಿಯಬೇಕೆಂದು ಅನಿಸಿಯೂ ಇರಲಿಲ್ಲ.

ಹಾಗೆ ಹುಡುಕುತ್ತ ಕೆಲಗೇರಿಯ ಚನ್ನಬಸವ್ವನ ಮನೆಗೆ ಬಂದಳು. ಆ ಓಣಿಯಲ್ಲಿ ಯಾವ ಬಸುರಿಯ ಕುಬಸದ, ಎಂದರೆ ಸೀಮಂತದ, ಸೀರೆ ನೋಡಿದರೂ ಸೆರಗಿನಲ್ಲಿ ಚನ್ನಬಸವ್ವ ಹಾಕಿದ ಕಸೂತಿಯ ತೊಟ್ಟಿಲು ಇರುತ್ತಿತ್ತು. ಈಗ ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೊಸೆ ದಾನವ್ವನಿಗೆ ಆರು ತಿಂಗಳು, ಬರುವ ತಿಂಗಳು ಕುಬಸ.

"ಮಂದಿ ಸೊಸ್ತೇರಿಗೆಲ್ಲಾ ಹಾಕಿ ಕೊಟ್ಟೆ. ನನ್ನ ಸೊಸಿ ಸೆರಗ ಬೋಳ ಉಳಿಯೂ ಹಂಗಾತ್ರಿ ಅಕ್ಕಾರ," ಎಂದು ಮುದುಕಿ ಕಣ್ಣೊರೆಸಿಕೊಂಡಳು.

ಇಂದು ಚೀಲದಿಂದ ಚೌಕಳಿ ಕಾಗದ ತೆಗೆದಳು. "ಚಿಂತಿ ಯಾಕ ಮಾಡ್ತೀರಿ ಅಜ್ಜಿ? ನಾ ಕಾಗದದ ಮ್ಯಾಲೆ ಇಳಿಸಿ ಕೊಡ್ತೀನಿ. ಆಮ್ಯಾಲೆ ಎಣಿಸಲಿಕ್ಕೆ ಬರೋರು ಯಾರು ಬೇಕಾದ್ರೂ ಹಾಕಬಹುದು."

"ಹಂಗ ಆಕ್ಕೈತೇನ್ರಿ?" ಎಂದು ಚನ್ನಬಸವ್ವ ತನ್ನದೇ ಕುಬಸದ ಸೀರೆಯನ್ನು ಟ್ರಂಕಿನಿಂದ ತೆಗೆಸಿದಳು.

ಇಂದು ಎಳೆ ಎಣಿಸಿ ಎಣಿಸಿ ಬರೆದುಕೊಂಡಳು. ಎರಡು ಹಗ್ಗ, ಗಿಡ್ಡ ಕಾಲುಗಳ ತೊಟ್ಟಿಲು, ನಡುವೆ ಹರಳಿನಂಥ ಪುಟ್ಟ ಕೂಸು. ತೊಟ್ಟಿಲಿನ ಎಡ ಮಗ್ಗುಲಿನಿಂದ ಕೂಸಿನವರೆಗೆ ಒಂದೇ ಒಂದು ಸಣ್ಣ ಹೊಲಿಗೆ ಇತ್ತು. ಬಲಗಡೆ ಅಂಥದ್ದಿಲ್ಲ. ಪಾಪ, ಎಲ್ಲೋ ಕೈತಪ್ಪಿರಬೇಕು ಎಂದುಕೊಂಡು ಆ ಗೆರೆಯನ್ನು ರಬ್ಬರಿನಿಂದ ಒರೆಸಿಬಿಟ್ಟಳು. ಚಿತ್ರ ಎರಡೂ ಕಡೆ ಸಮವಾಯಿತು. ಅವಳಿಗೆ ಬಹಳ ಸಮಾಧಾನವಾಯಿತು.

ಮುಂದಿನ ರವಿವಾರ ಹೋದಾಗ ದಾನವ್ವ ಕಾಗದ ನೋಡಿ ಅರಿವೆಯ ತುಂಡಿನ ಮೇಲೆ ತೊಟ್ಟಿಲು ಹಾಕಿಟ್ಟಿದ್ದಳು. ಇಂದು ಹಿಗ್ಗಿಹೋದಳು. ಚನ್ನಬಸವ್ವ ಮಾತ್ರ ತುಂಡನ್ನು ಮಗುಚಿ, ಹಿಂಬದಿಯಲ್ಲಿ ಉಗುರಾಡಿಸಿದಳು.

"ಇಲ್ಲಿ ದಾರ ಯಾಕ ಹಾರೈತಿ?"

"ಕಾಗದದಾಗ ಕೂಸಿನ ಹಂತ್ಯಾಕ ಹೋಗಾಕ ಹಾದೀನ ಇಲ್ರಿ ಅತ್ತಿ. ಹಾರಿಸಿದೆ," ಎಂದಳು ದಾನವ್ವ.

ಆ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರ ಒಂದೊಂದು ಹೊಲಿಗೆಯ ಮನೆ ಬಿಟ್ಟು ಸಾಗಬೇಕು, ಬಿಟ್ಟ ಮನೆಗಳನ್ನು ತುಂಬುತ್ತ ಅದೇ ಹಾದಿಯಲ್ಲಿ ಮರಳಬೇಕು. ಹಾಗಾದರೆ ಮಾತ್ರ ಹಿಂದೂ ಮುಂದೂ ಒಂದೇ. ಹಾದಿ ಇಲ್ಲದ ಕಡೆ ಹಾರಿಸಿದರೆ ದಾರ ಹಿಂಬದಿಯಲ್ಲಿ ಸಡಿಲವಾಗಿ ಜೋತುಬೀಳುತ್ತದೆ.

"ಹಾರಿದ ದಾರ ಕೈಯಾನ ಬಳಿಗೆ ಸಿಗತೈತಿ. ಹರೀತಂದ್ರ ಕೂಸ ಬಿಚ್ಚಿ ಹೋಗತೈತಿ," ಎಂದಳು ಮುದುಕಿ.

ದಾನವ್ವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸೂಜಿ ಕೆಳಗಿಟ್ಟಳು. "ನಾ ಒಲ್ಲೆ. ನನಗ ಅಂಜಿಕಿ ಬರತೈತಿ."

ಇಂದುವಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಅಲ್ಲೊಂದು ಹೊಲಿಗಿ ಇತ್ರಿ ಅಜ್ಜಿ. ತಪ್ಪು ಅಂತ ನಾನಽ ಅಳಿಸಿದೆ."

ಚನ್ನಬಸವ್ವ ಬೈಯಲಿಲ್ಲ, ನಕ್ಕಳು. "ಅದು ಕೂಸಿನ ಹಂತ್ಯಾಕ ಹೋಗಿ ಬರೂ ಹಾದಿರಿ ಅಕ್ಕಾರ. ಬರೇ ನೋಡಿದ್ರ ತಿಳಿಯೂದಲ್ಲ. ಸೂಜಿ ತಗೋರಿ."

ತಪ್ಪು ತನ್ನದು, ತೊಟ್ಟಿಲೂ ತನ್ನ ಪಾಲಿಗೇ ಬಂತು. ಇಂದು ಸೂಜಿ ಹಿಡಿದಳು. ದಿನಾ ಶಾಲೆ ಬಿಟ್ಟ ಮೇಲೆ ಹಾಕುವುದು, ದಾರಿ ತಪ್ಪುವುದು, ಬಿಚ್ಚುವುದು. ಮುದುಕಿ ಹೇಳಿದಂತೆ ತೊಟ್ಟಿಲಿನ ಕಾಲಿನಿಂದ ಹೊರಟರೆ ಮರಳುವಾಗ ಎಲ್ಲಾದರೊಂದು ಮನೆ ಖಾಲಿ ಉಳಿಯುತ್ತಿತ್ತು. ಸಿಟ್ಟಿಗೆದ್ದು ಎರಡು ಸಲ ಅರಿವೆಯನ್ನು ಮೂಲೆಗೆ ಎಸೆದಳು, ಎರಡು ಸಲವೂ ಎತ್ತಿಕೊಂಡು ಬಂದಳು. ಸೂಜಿ ಹೋದ ಹಾದಿಯನ್ನೆಲ್ಲ ಕಾಗದದ ಮೇಲೆ ಗುರುತು ಹಾಕಿದಳು. ಆ ಚಂದದ ಚಿತ್ರ ಈಗ ಕೋಳಿ ಕೆದರಿದ ತಿಪ್ಪೆಯಾಗಿತ್ತು. ಅದರಿಂದ ಅವಳ ಊಟವೇನೂ ಕೆಡಲಿಲ್ಲ. ಹದಿನೆಂಟನೆಯ ದಿನ ಹಗ್ಗದ ತುದಿಯಿಂದ ಇಳಿದು ನೋಡಿದಳು. ದಾರ ಹೋಯಿತು, ಎಲ್ಲ ಮನೆ ತುಂಬಿ ಹೊರಟಲ್ಲಿಗೇ ಬಂತು. ಅದನ್ನೇ ಸೀರೆಯ ಸೆರಗಿಗೆ ಹಾಕಿದಳು.

ಕುಬಸದ ಬೆಳಿಗ್ಗೆ ಚನ್ನಬಸವ್ವ ಆ ಸೆರಗನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡಳು. ಹಗ್ಗದ ತುದಿಯಲ್ಲಿ ಅವಳ ಬೆರಳು ನಿಂತಿತು.

"ದಾರ ಇಲ್ಲಿ ಮುಗದೈತಿ. ನಂದು ಕಾಲಾಗ ಮುಗೀತಿತ್ತು. ಇದು ನನ್ನ ಹಾದಿ ಅಲ್ಲರಿ ಅಕ್ಕಾರ."

ಇಂದು ಮುದುಕಿಯ ಹತ್ತಿರ ಸರಿದಳು. "ಕಾಲಿನಿಂದ ಹೊಂಟ್ರ ನನಗ ತಪ್ಪತಿತ್ರಿ ಅಜ್ಜಿ. ಮ್ಯಾಲಿಂದ ಇಳಿದೆ."

ಬೆರಳು ಹಗ್ಗ ಹಿಡಿದು ಇಳಿಯಿತು. ತೊಟ್ಟಿಲಿನ ಎಡ ಮಗ್ಗುಲಿಗೆ ಬಂದು ತಡವರಿಸಿತು. ಪಕ್ಕದಲ್ಲಿದ್ದ ದಾನವ್ವ ಬಗ್ಗಿ ನೋಡಿದಳು.

"ಐತಿ," ಎಂದಳು ಚನ್ನಬಸವ್ವ.

ಸೊಸೆಯ ಬೆರಳು ಹಿಡಿದು ಆ ಒಂದು ಹೊಲಿಗೆಯ ಮೇಲೆ ಇಟ್ಟಳು. ಆಮೇಲೆ ಇಂದುವಿನ ಕೈಗಾಗಿ ತಡಕಾಡಿ, ಸೂಜಿ ಚುಚ್ಚಿ ಒರಟಾದ ಬೆರಳ ತುದಿಗಳನ್ನು ಒಂದೊಂದಾಗಿ ಸವರಿದಳು.

"ಇನ್ನ ಈ ಕಣ್ಣ ಹೋದ್ರ ಹೋಗಲಿ," ಎಂದಳು. "ಯವ್ವಾ, ನೀ ಹೋದ ಹಾದಿ ನನಗೂ ಒಂದ ಸಲ ಕಲಿಸು."