ನೂರಾ ಹತ್ತರ ವೇಗ

ಹತ್ತೂವರೆಗೆ ಬರಬೇಕಾದ ಫೋನು ಹತ್ತೂ ಮುಕ್ಕಾಲಾದರೂ ಬರಲಿಲ್ಲ. ಮಹಾದೇವಕ್ಕ ಕೈಗಡಿಯಾರವನ್ನು ಕಿವಿಗೆ ಹಿಡಿದು ಕೇಳಿದಳು. ನಡೆಯುತ್ತಿತ್ತು. ಕನ್ನಡಕ ಏರಿಸಿಕೊಂಡು, ಗಡಿಯಾರದ ಸುತ್ತಲಿನ ಉಂಗುರ ತಿರುಗಿಸಿ ಮತ್ತೊಮ್ಮೆ ಲೆಕ್ಕ ಹಾಕಿದಳು. ಲೆಕ್ಕವೂ ಸರಿಯಿತ್ತು. ಹಾಗಾದರೆ ಸರಿಯಿಲ್ಲದ್ದು ಯಾವುದು? ಆಕಾಶದಲ್ಲಿರುವ ಹುಡುಗಿಯೊಬ್ಬಳೇ ಉಳಿದಳಲ್ಲ! ಆ ವಿಚಾರ ಬಂದದ್ದೇ ತಡ, ಮುದುಕಿ ಸೊಸೆಯನ್ನು ಕೂಗಿದಳು.

"ನಂದಾ, ಫೋನಿನ್ಯಾಗ ಚಾರ್ಜ್ ಐತೇನ್ ನೋಡವಾ."

ಸೊಸೆ ನಂದಾ ಪಡಸಾಲೆಯಲ್ಲಿ ಕುಳಿತು ಕಡಲೆ ಸೊಪ್ಪು ಸೋಸುತ್ತಿದ್ದಳು. ಅತ್ತೆ ಹೀಗೆ ಕೇಳಿದ್ದು ಇದು ನಾಲ್ಕನೆಯ ಸಲ. "ಐತ್ರೀ ಅತ್ತಿ, ತುಂಬೇತಿ. ರೇಂಜೂ ಐತಿ. ಸುಮ್ನ ಕುಂದರ್ರಿ, ಮಾಡ್ತಾಳ" ಎಂದಳು. ಬಾಯಿ ಹಾಗೆಂದರೂ ಅವಳ ಕೈ ಎಲೆಯನ್ನು ಕಸಕ್ಕೂ ಕಡ್ಡಿಯನ್ನು ಬುಟ್ಟಿಗೂ ಹಾಕುತ್ತಿತ್ತು. ಹೆತ್ತವಳು, ಅವಳದೇನು ಕಲ್ಲಿನ ಎದೆಯೇ?

ಮೊಮ್ಮಗಳು ರೋಹಿಣಿ ಮಹಾರಾಷ್ಟ್ರದ ಕಡೆಯ ಒಂದು ಊರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಇಷ್ಟು ದಿನ ಬಾಜೂಕ್ಕೆ ಮಾಸ್ತರರು ಕೂತಿರುತ್ತಿದ್ದರು. ಇವತ್ತು ಮೊದಲ ಸಲ ಒಬ್ಬಳೇ ದೂರದ ಊರಿನವರೆಗೆ ಹಾರಿ ತಿರುಗಿ ಬರಬೇಕಿತ್ತು. ಏರುವ ಮುಂಚೆ ಫೋನು ಮಾಡಿ, "ಆಯಿ, ಒಂಬತ್ತಕ್ಕ ಏರತೀನಿ. ಹೋಗಿ ಬರೂದು ಸೇರಿ ನೂರಾ ಐವತ್ತ ಮೈಲಿ, ತಾಸಿಗೆ ನೂರು. ಇಳದ ಕೂಡ್ಲೇ ಫೋನ್ ಮಾಡ್ತೀನಿ. ಎಷ್ಟಕ್ಕ ಅಂಬೂದು ನೀನ ಹೇಳು!" ಎಂದು ನಕ್ಕಿದ್ದಳು.

ಅದನ್ನು ಮಹಾದೇವಕ್ಕನಿಗೆ ಕೇಳಬೇಕೇ? ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಈ ಲೆಕ್ಕದಲ್ಲಿ ಅಣ್ಣಿಗೇರಿಯಲ್ಲೇ ಅವಳನ್ನು ಮೀರಿಸುವವರಿರಲಿಲ್ಲ. ಗಡಿಯಾರದ ಅಂಚಿನಲ್ಲಿ ಇರುವೆ ಸಾಲಿನಂಥ ಅಂಕಿಗಳ ಎರಡು ಉಂಗುರ. ಒಳಗಿನದು ಅಲುಗುವುದಿಲ್ಲ, ಹೊರಗಿನದು ತಿರುಗುತ್ತದೆ. ಒಳಗಿನ ಅರವತ್ತರ ಎದುರಿಗೆ ವಿಮಾನದ ವೇಗವನ್ನು ತಂದು ನಿಲ್ಲಿಸಬೇಕು. ಆಮೇಲೆ ಹೊರಗಿನ ಉಂಗುರದಲ್ಲಿ ಎಷ್ಟು ಮೈಲಿ ಎಂಬುದನ್ನು ಹುಡುಕಬೇಕು. ಅದರ ಎದುರಿಗಿರುವ ಒಳಗಿನ ಅಂಕಿಯೇ ನಿಮಿಷ. ಸೊನ್ನೆಗಳನ್ನು ಮಾತ್ರ ನಾವೇ ತಲೆಯಲ್ಲಿ ಕೂಡಿಸಿಕೊಳ್ಳಬೇಕು. ನೂರೈವತ್ತು ಮೈಲಿಗೆ ತೊಂಬತ್ತು ನಿಮಿಷ. ಒಂಬತ್ತಕ್ಕೆ ಏರಿದರೆ ಹತ್ತೂವರೆ.

ಕಲಿಸಿದವನು ಗಂಡ ಶಂಭುಲಿಂಗಪ್ಪ. ವಾಯುಸೇನೆಯಲ್ಲಿ ಡಕೋಟಾ ವಿಮಾನ ಹಾರಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಅಸ್ಸಾಮಿನ ಒಂದು ಠಾಣೆಗೆ ಕರೆದೊಯ್ದಿದ್ದ. ಬೆಟ್ಟದ ಮೇಲಿನ ಸಿಪಾಯಿಗಳಿಗೆ ಅಕ್ಕಿ ಬೇಳೆಯ ಮೂಟೆಗಳನ್ನು ಮೇಲಿನಿಂದ ಕೆಡವಿ ಬರುವುದು ಅವನ ಕೆಲಸ. ಹತ್ತೊಂಬತ್ತರ ಮಹಾದೇವಕ್ಕ ಅಲ್ಲಿಯವರೆಗೆ ಹುಬ್ಬಳ್ಳಿಯ ಆಚೆ ಕಾಲಿಟ್ಟವಳಲ್ಲ. ಗಂಡ ಹಾರಿದ ದಿನ ಒಲೆ ಹಚ್ಚುತ್ತಿರಲಿಲ್ಲ, ಅಂಜಿಕೊಂಡು ಬಾಗಿಲಲ್ಲೇ ಕುಳಿತಿರುತ್ತಿದ್ದಳು. ಒಂದು ತಿಂಗಳು ನೋಡಿದ ಶಂಭುಲಿಂಗಪ್ಪ ತನ್ನ ಸ್ವಂತ ಗಡಿಯಾರವನ್ನು ಬಿಚ್ಚಿ ಅವಳ ಕೈಗೆ ಕಟ್ಟಿದ. "ನನಗ ಸರಕಾರದ್ದೊಂದು ಐತಿ. ಇದು ನಿಂದು. ಲೆಕ್ಕಾ ಹಾಕು. ಆ ಹೊತ್ತು ಆಗೂ ತನಕ ನೀ ಅಂಜೂ ಕಾರಣಿಲ್ಲ. ಹೊತ್ತು ಮೀರಿದ ಮ್ಯಾಲೆ ಬೇಕಾದ್ರ ಅಳು" ಎಂದ.

ಅಲ್ಲಿಂದ ದಿನಾ ಬೆಳಿಗ್ಗೆ ಬೂಟು ಕಟ್ಟುತ್ತ ಎರಡು ಅಂಕಿ ಹೇಳಿ ಹೋಗುವನು. "ಮುನ್ನೂರಾ ಮೂವತ್ತು, ನೂರಾ ಹತ್ತು." ದೂರ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ, ವೇಗ ಮಾತ್ರ ಎಂದೂ ನೂರಾ ಹತ್ತು. ಅವಳು ಉಂಗುರ ತಿರುಗಿಸಿ ಮೂರು ತಾಸು ಎನ್ನುವಳು. ಆಮೇಲೆ ನಿಶ್ಚಿಂತೆಯಿಂದ ರೊಟ್ಟಿ ಬಡಿಯುವಳು, ಪಕ್ಕದ ಮನೆಯವರೊಡನೆ ಹರಟುವಳು. ಇನ್ನೂ ಅರ್ಧ ತಾಸು ಇದೆ ಎನ್ನುವಾಗಲೇ ಮಾಡಿನ ಹೆಂಚಿನ ಮೇಲೆ ವಿಮಾನದ ಸದ್ದು! ಗಡಬಡಿಸಿ ಚಹಾಕ್ಕಿಡುವಳು.

"ಇವತ್ತ ಲಗೂನ ಬಂದ್ರಿ?"

"ಗಾಳಿ ಹಿಂದಿತ್ತು" ಎನ್ನುವನು. ಅಲ್ಲಿದ್ದ ಏಳು ವರ್ಷವೂ ಅದೇ ಮಾತು. ಎಂಥ ಚಂದದ ದಿನಗಳು ಅವು! ಆ ಏಳು ವರ್ಷ ನೆನೆದರೆ ಮಹಾದೇವಕ್ಕನಿಗೆ ಈಗಲೂ ಎದೆ ತುಂಬಿ ಬರುತ್ತಿತ್ತು. ಶಂಭುಲಿಂಗಪ್ಪ ನಿವೃತ್ತನಾಗಿ ಊರಿಗೆ ಬಂದು, ಹೊಲ ಮನೆ ನೋಡಿಕೊಂಡು, ಮೊಮ್ಮಗಳನ್ನು ಆಡಿಸಿ, ಎಂಟು ವರ್ಷದ ಹಿಂದೆ ಹಾಸಿಗೆಯಲ್ಲೇ ನೆಮ್ಮದಿಯಿಂದ ತೀರಿಕೊಂಡಿದ್ದ.

ಹನ್ನೊಂದಾಯಿತು. ನಂದಾ ಸೊಪ್ಪಿನ ಬುಟ್ಟಿಯನ್ನು ಅತ್ತ ಸರಿಸಿ ಅತ್ತೆಯ ಬಾಜೂಕ್ಕೆ ಬಂದು ಕುಳಿತಳು. ಹನ್ನೊಂದೂ ಐದಕ್ಕೆ ಫೋನು ರಿಂಗಾಯಿತು. ನಂದಾ ಅದನ್ನೆತ್ತಿ ಸ್ಪೀಕರಿಗೆ ಹಾಕಿದಳು.

"ಆಯಿ! ಇಳದ್ನಿ! ಒಬ್ಬಾಕೀನ ಹೋಗಿ ಬಂದೆ!"

ಮಹಾದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜೀವ ಬಂತು. ಜೀವ ಬಂದದ್ದರ ಹಿಂದೆಯೇ ಸಿಟ್ಟೂ ಬಂತು. "ಹತ್ತೂವರೀಗೆ ಬರಾಕಿ ಹನ್ನೊಂದೂ ಐದಕ್ಕ ಬಂದೀಯಲ್ಲ, ನಾವು ಇಲ್ಲಿ ಉಳೀಬೇಕೋ ಸಾಯಬೇಕೋ?"

"ಬರೂ ಮುಂದ ಅಗದಿ ಎದುರು ಗಾಳಿ ಆಯಿ. ಅದರ ಮ್ಯಾಲೆ, ಇಳಿಯಾಕ ಇನ್ನೊಂದ ವಿಮಾನ ಇತ್ತು. ಎರಡ ಸುತ್ತು ಹೊಡಸಿದ್ರು."

"ನಿಮ್ಮಜ್ಜಗ ಏಳ ವರ್ಷದಾಗ ಒಮ್ಮೀನೂ ಎದುರು ಗಾಳಿ ಸಿಗಲಿಲ್ಲ. ಒಂದ ದಿನಾನೂ ತಡಾ ಮಾಡ್ಲಿಲ್ಲ. ಯಾವಾಗ್ಲೂ ಹಿಂದಿನ ಗಾಳೀನ. ನೀ ನೋಡಿದ್ರ ಮೊದಲನೇ ದಿನಾನ ಮೂವತ್ತೈದು ನಿಮಿಷ!"

ರೋಹಿಣಿ ಕಿಸಕ್ಕೆಂದು ನಕ್ಕಳು. "ಹೋಗೂ ಮುಂದೂ ಹಿಂದಿನ ಗಾಳಿ, ಬರೂ ಮುಂದೂ ಹಿಂದಿನ ಗಾಳಿ? ಅದ್ಹೆಂಗ ಆಯಿ? ಹೋಗೂ ಮುಂದ ನೂಕಿದ ಗಾಳಿ ಬರೂ ಮುಂದ ಎದಿಗೇ ಹೊಡೀತೈತಿ."

ಮಹಾದೇವಕ್ಕ ಗಡಿಯಾರದತ್ತ ನೋಡಿದಳು. ಹೌದಲ್ಲ! ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವೇ?

"ಅಜ್ಜ ವೇಗ ಎಷ್ಟಂತ ಹೇಳತಿದ್ದ?"

"ನೂರಾ ಹತ್ತು."

"ಡಕೋಟಾಕ್ಕ?" ರೋಹಿಣಿ ಈಗ ಜೋರಾಗಿಯೇ ನಕ್ಕಳು. "ನನ್ನ ಈ ಎರಡ ಸೀಟಿನ ಪುಟಾಣಿ ನೂರು ಓಡ್ತೈತಿ ಆಯಿ. ಅಜ್ಜಂದು ಎರಡ ಎಂಜಿನ್ನು. ಏನಿಲ್ಲಂದ್ರೂ ನೂರಾ ಐವತ್ತು. ಅಜ್ಜ ನಿನಗ ಬೇಕಂತ ಕಡಿಮಿ ಹೇಳ್ಯಾನ. ತಡಾ ಆದ್ರೂ ನಿನಗ ಗೊತ್ತ ಆಗಬಾರ್ದಂತ!"

ನಂದಾ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಮಹಾದೇವಕ್ಕನೂ ನಕ್ಕಳು. "ಹುಚ್ಚಿ ಮಾಡಿಬಿಟ್ರಲ್ಲ ನನ್ನ! ಓಣಿ ತುಂಬ ನಂದ ಲೆಕ್ಕಾ ಬರೋಬ್ಬರಿ ಅಂತ ಮೆರದೀನಿ!"

"ಇನ್ನ ಮುಂದ ನಾನೂ ಹಂಗ ಅರ್ಧಾ ತಾಸು ಕೂಡಿಸಿ ಹೇಳ್ತೀನಿ ತಗೋ. ಗುರುವಾರ ಮತ್ತ ಐತಿ, ಇದಕ್ಕಿಂತಾ ದೂರ."

"ಹೂಂ, ಹೇಳವ್ವ ಹೇಳು."

ಫೋನು ಇಟ್ಟ ಮೇಲೂ ಮಹಾದೇವಕ್ಕ ಒಬ್ಬಳೇ ನಗುತ್ತ, ಉಂಗುರವನ್ನು ತಿರುಗಿಸಿದಳು. ಅರವತ್ತರ ಎದುರಿಗೆ ನೂರೈವತ್ತು. ಮುನ್ನೂರಾ ಮೂವತ್ತಕ್ಕೆ ನೋಡಿದರೆ ನೂರಾ ಮೂವತ್ತೆರಡು ನಿಮಿಷ. ಮೂಟೆ ಕೆಡವಲು ಇಪ್ಪತ್ತು ನಿಮಿಷ ಇಟ್ಟರೂ ಎರಡೂವರೆ ತಾಸಿನ ಕೆಲಸ. ಮೂರು ತಾಸೆಂದು ಹೇಳಿಸಿ, ದಿನಾ ಅರ್ಧ ತಾಸು ಅವಳಿಗೆ ಸುಮ್ಮನೆ ಬಿಟ್ಟುಕೊಟ್ಟಿದ್ದ. ಎಂಥ ಗಂಡಸು!

ಹಾಗಾದರೆ, ಲೆಕ್ಕ ನಿಮಿಷ ತಪ್ಪದೆ ಸರಿಬಂದ ಆ ದಿನ?

ಅವಳ ನಗು ನಿಂತಿತು. ಅಂಥದ್ದೊಂದು ದಿನವಿತ್ತು. ಚಳಿಗಾಲ. ಒಂಬತ್ತಕ್ಕೆ ಏರಿದ್ದ, ಹನ್ನೆರಡಕ್ಕೆ ಬರಬೇಕು. ಹನ್ನೊಂದೂವರೆ ದಾಟಿತ್ತು, ಅವಳು ಹಿತ್ತಲಲ್ಲಿ ಬಟಾಣಿ ಸುಲಿಯುತ್ತಿದ್ದಳು. ಪಕ್ಕದ ಮನೆಯ ಪಂಜಾಬಿ ಹೆಣ್ಣುಮಗಳು ಓಡುತ್ತಲೇ ಬಂದು, ಇವಳನ್ನು ಕಂಡು ಬೇಲಿಯ ಹತ್ತಿರ ನಿಂತುಬಿಟ್ಟಳು. ಎಷ್ಟಕ್ಕೆ ಬರುತ್ತಾರೆ ಎಂದು ಕೇಳಿದಳು. ಇನ್ನೂ ಹೊತ್ತಿದೆ, ಹನ್ನೆರಡಕ್ಕೆ ಎಂದು ಇವಳು ಗಡಿಯಾರ ತೋರಿಸಿದಳು. ಆಕೆ ಎದುರಿಗೆ ಕುಳಿತು ತಾನೂ ಬಟಾಣಿ ಸುಲಿಯತೊಡಗಿದಳು. ಹನ್ನೆರಡಕ್ಕೆ ಸರಿಯಾಗಿ ತಲೆಯ ಮೇಲೆ ಸದ್ದಾದಾಗ ಆಕೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮನೆಯಲ್ಲಿ ಜಗಳವಾಗಿರಬೇಕು ಪಾಪ, ಎಂದುಕೊಂಡಿದ್ದಳು ಮಹಾದೇವಕ್ಕ. ಗಂಡ ಮನೆಗೆ ಬಂದವನು ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆಯುತ್ತ ನಿಂತ. "ಇವತ್ತ ನನ್ನ ಲೆಕ್ಕಾ ಬರೋಬ್ಬರಿ ಬಂತು ನೋಡ್ರಿ" ಎಂದು ಇವಳು ಹಿಗ್ಗಿದ್ದಳು. "ಹೌದು, ಬರೋಬ್ಬರಿ ಬಂತು" ಎಂದ. ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ. ಹೊಟ್ಟೆ ಸರಿಯಿಲ್ಲವೇನೋ ಎಂದು ಅವಳು ಜೀರಿಗೆ ಕಷಾಯ ಕಾಸಿ ಕೊಟ್ಟಿದ್ದಳು.

ಹನ್ನೊಂದೂವರೆಗೇ ಇಳಿಯಬೇಕಾದ ವಿಮಾನ ಬಾರದೆ ಠಾಣೆಗೆ ಠಾಣೆಯೇ ಆಕಾಶ ನೋಡುತ್ತ ನಿಂತಿದ್ದ ಆ ಅರ್ಧ ತಾಸು, ಅವನ ಹೆಂಡತಿ ಬಟಾಣಿ ಸುಲಿದಿದ್ದಳು. ಹಾಡು ಬೇರೆ ಗುನುಗಿದ್ದಳು.

"ನಂದಾ, ಅಕೀಗೆ ಫೋನ್ ಹಚ್ಚು."

"ಈಗರ ಇಟ್ಟಾಳಲ್ರಿ ಅತ್ತಿ."

"ಹಚ್ಚು ಅಂದ್ನಿ."

ರೋಹಿಣಿ ಎತ್ತಿದಳು. "ಏನಾತು ಆಯಿ?"

"ನೀ ಏನೂ ಕೂಡಸಬ್ಯಾಡ. ಇದ್ದದ್ದು ಇದ್ದಂಗ ಹೇಳು. ಗುರುವಾರದ್ದೂ."

"ತಡಾ ಆದ್ರ ಅಂಜತಿ ನೀ."

"ಅಂಜತೀನಿ. ಅಂಜೂದು ನನಗಿರ್ಲಿ ಬಿಡು."

ಅತ್ತ ಕಡೆಯಿಂದ ರೋಹಿಣಿ "ಆತು ಆಯಿ" ಎಂದಳು.

ಮಹಾದೇವಕ್ಕ ಗೋಡೆ ಹಿಡಿದು ಎದ್ದಳು. ಮಂಡಿನೋವು. ಹೊಸ್ತಿಲು ದಾಟಿ, ಬಿಸಿಲು ಬಿದ್ದ ಕಟ್ಟೆಯ ಮೇಲೆ ಕಂಬ ಹಿಡಿದು ನಿಂತಳು. ಓಣಿಯಲ್ಲಿ ಒಂದು ಟ್ರ್ಯಾಕ್ಟರು ಹಾದುಹೋಯಿತು. ಅದರ ಧೂಳು ಅಡಗಿದ ಮೇಲೂ ಅವಳು ಒಳಗೆ ಬರಲಿಲ್ಲ, ಮುಖ ಎತ್ತಿಕೊಂಡು ಮೇಲೆಯೇ ನೋಡುತ್ತಿದ್ದಳು.

ನಂದಾ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು. "ಯಾರರ ಬರೋರದಾರೇನ್ರಿ ಅತ್ತಿ? ಬಿಸಲಾಗ ಯಾಕ ನಿಂತೀರಿ, ಒಳಗ ಬರ್ರಿ."

"ಬರ್ತೀನಿ ನಡಿ" ಎಂದಳು ಮಹಾದೇವಕ್ಕ. "ಅರ್ಧಾ ತಾಸು ನಿಂತು ಬರ್ತೀನಿ."