ಎಲೆಯ ಹಿಂಬದಿ

ವರ್ನಾ ಟಿಸ್‌ಡೇಲ್ ಮರಗಳ ಬಗ್ಗೆ ಬಾಯಿ ತೆರೆದರೆ ಸಾಕು, ಶಿಗೆಯೊ ಹಮಾದಾನಿಗೆ ಮೈ ಉರಿಯುತ್ತಿತ್ತು. ಪೋರ್ಟ್‌ಲ್ಯಾಂಡಿನಲ್ಲೇ ಹುಟ್ಟಿ, ಐವತ್ತು ವರ್ಷ ಕಂಡವರ ಅಂಗಳದ ಮರ ಸವರಿ ಬೆನ್ನು ಬಾಗಿಸಿಕೊಂಡವನು ಅವನು. ಆಕೆ ಓಹಾಯೋದಿಂದ ಬಂದು ಆರು ವರ್ಷವೂ ಆಗಿಲ್ಲ. ನಗರಸಭೆಯ ಮರಗಣತಿಯ ಸ್ವಯಂಸೇವಕರ ಹಳದಿ ಅಂಗಿ ತೊಟ್ಟು, ನಾಲ್ಕು ಜನರನ್ನು ಹಿಂದೆ ಕಟ್ಟಿಕೊಂಡು, ಬಡಾವಣೆಯ ಮರಗಳಿಗೆಲ್ಲ ಜಾತಕ ಬರೆಯಲು ಹೊರಟಿದ್ದಳು. ಆ ನಾಲ್ವರಿಗೋ ವರ್ಷವಿಡೀ ಹಸಿರಾಗಿದ್ದದ್ದೆಲ್ಲ ಪೈನ್. ಅಂಥವರ ನಡುವೆ ಆಕೆ ಪಂಡಿತೆ.

ಇಷ್ಟೇ ಆಗಿದ್ದರೆ ಅವನು ಬಾಗಿಲು ಹಾಕಿಕೊಂಡು ಸುಮ್ಮನಿರುತ್ತಿದ್ದ. ಆದರೆ ಬೇರು ಎಬ್ಬಿಸಿದ್ದ ಕಾಲುದಾರಿಯನ್ನು ನಗರಸಭೆಯವರು ಹೊಸದಾಗಿ ಹಾಕಿಸುವವರಿದ್ದರು. ದಾರಿಯಂಚಿನ ಮರ ಈ ನೆಲದ್ದಾದರೆ ದಾರಿಯನ್ನೇ ಅದರ ಸುತ್ತ ತಿರುಗಿಸುವುದು, ಹೊರಗಿನದಾದರೆ ಕಡಿಯುವುದು. ಯಾವುದು ಯಾವುದೆಂದು ಹೇಳುವುದು ವರ್ನಾಳ ಪಟ್ಟಿ. ಹಮಾದಾನ ಮನೆಯೆದುರಿನ ದೊಡ್ಡ ಮರಕ್ಕೆ ಆಕೆ 'ಹಿನೋಕಿ, ಜಪಾನಿನದು' ಎಂದು ಬರೆದಿದ್ದಳು. ಕಡಿಯಲೆಂದು ಕಾಂಡದ ಮೇಲೆ ಕಿತ್ತಳೆ ಬಣ್ಣದ ಗುರುತೂ ಬಿದ್ದಿತ್ತು.

ಹಿನೋಕಿ ಹೇಗಿರುತ್ತದೆಂದು ಅವನಿಗೆ ಹೇಳಿಕೊಡಬೇಕೆ? ಅವನ ಅಮ್ಮ ನೆಟ್ಟ ಹಿನೋಕಿ ಹಿತ್ತಲಲ್ಲೇ ಇದೆ. ಮನೆ ಮುಂದಿನದು ಇಲ್ಲಿನ ಕೆಂಪು ಸೀಡರ್. ಜಪಾನಿ ಮೂಲದವರನ್ನೆಲ್ಲ ಸರ್ಕಾರ ಕೂಡಿಹಾಕಿದ್ದ ಯುದ್ಧಕಾಲದ ಶಿಬಿರದಿಂದ ಬಿಡುಗಡೆಯಾಗಿ ಬಂದ ವರ್ಷ ಅಪ್ಪ ಸ್ಯಾಂಡಿ ನದಿಯ ದಂಡೆಯಿಂದ ಮೊಣಕಾಲುದ್ದದ ಸಸಿ ತಂದು ನೆಟ್ಟದ್ದು. ಎಲೆ ಮಗುಚಿ ನೋಡಿದ್ದರೆ ತಿಳಿಯುತ್ತಿತ್ತು. ಮಗುಚದೆ ಹೆಸರು ಹೇಳಬೇಡಿ ಎಂದು ಪಾರ್ಕಿನಲ್ಲಿ ಆ ನಾಲ್ವರೆದುರು ಗಂಟಲು ಹರಿದುಕೊಳ್ಳುವವಳೂ ಆಕೆಯೇ. ಇಲ್ಲಿ ಮಾತ್ರ ಟಪಾಲು ಡಬ್ಬಿಯ ಮೇಲಿನ 'ಹಮಾದಾ' ಓದಿದಳು, ಮರದ ಹೆಸರು ಬರೆದುಕೊಂಡು ಹೋದಳು. ಅವನು ಕಿಟಕಿಯಿಂದ ನೋಡುತ್ತಲೇ ಇದ್ದ.

"ಹೋಗಿ ಹೇಳ್ರಿ," ಎಂದಳು ಹೆಂಡತಿ ಮಿಚಿ. "ನಿಮ್ ಜಂಬಕ್ಕೆ ಮಾವನ ಮರ ಹೋಗ್ಬೇಕಾ?"

"ಆ ಅರೆಬೆಂದ ಪಂಡಿತೆ ಹತ್ರ ನಾನು ಬೇಡ್ಕೋಬೇಕಾ?"

ಭಾನುವಾರ ಆ ಹಿಂಡು ಮತ್ತೆ ಬೀದಿಗೆ ಬಂದಾಗ ಅವನೇ ಹೊರಗೆ ಹೋದ.

"ಮೇಡಂ, ಇದರ ಎಲೆ ಮಗುಚಿದ್ರಾ?"

"ಇದಕ್ಕೆ ಬೇಕಾಗ್ಲಿಲ್ಲ ಹಮಾದಾ ಅವ್ರೇ." ಆಕೆ ಮಗುವಿಗೆ ತಿಳಿಹೇಳುವಂತೆ ನಕ್ಕಳು. "ಊರಿನ ನೆನಪಿಗೆ ಅಂತ ನಿಮ್ಮೋರು ನೆಡ್ತಾರೆ. ನಂಗೆ ಅರ್ಥ ಆಗತ್ತೆ."

"ನಮ್ಮೂರು ಇದೇ. ಮಗುಚಿ."

ಆಕೆ ಒಂದು ಚಿಗುರು ಹಿಡಿದು ಮಗುಚಿದಳು. ನಾಲ್ವರಲ್ಲೊಬ್ಬ ಬಗ್ಗಿ ನೋಡಿ, "ಹಿನೋಕಿಗೆ ಇಂಗ್ಲಿಷ್ ವೈ ಅಕ್ಷರದ ಥರ ಬಿಳಿ ಗೆರೆ ಅಂದಿದ್ರಿ. ಇದು ಚಿಟ್ಟೆ ಥರ ಇದೆ," ಎಂದ.

ವರ್ನಾಳ ಕಿವಿ ಕೆಂಪಾಯಿತು. ಪೆನ್ಸಿಲ್ ತಿರುಗಿಸಿ ಅಳಿಸಿದಳು. "ಅಯ್ಯೋ, ಇದು ನಮ್ ಮರಾನೇ. ಹಾಗಿದ್ರೆ ಉಳ್ಕೊಳತ್ತೆ ಬಿಡಿ." ಸಾವರಿಸಿಕೊಂಡು ಕೇಳಿದಳು, "ಹಿತ್ತಲಲ್ಲಿ ಬೇರೆ ಏನಾದ್ರೂ ಇದ್ಯಾ, ಹೊರಗಿಂದು?"

ಹಿತ್ತಲಿನ ಮರವನ್ನು ಕಡಿಯುವ ಅಧಿಕಾರ ಆಕೆಗಾಗಲಿ ನಗರಸಭೆಯವರಿಗಾಗಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಬೇರೆ.

"ಏನಿಲ್ಲ," ಎಂದ. "ಬರೀ ಕಳೆ."

ಗೆದ್ದವನಂತೆ ಮೆಟ್ಟಿಲು ಹತ್ತಿ ಒಳಗೆ ಬಂದ. ಮಿಚಿ ಬಾಗಿಲ ಹಿಂದೆಯೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

"ಅತ್ತೆ ಮರ ಕಳೆ ಆಯ್ತಾ?" ಎಂದು ಕೇಳಿದಳು.