ಗಾಳಿ ತಿರುಗಿದ ಹೊತ್ತು

ಕಡಲ ದಡದಲ್ಲಿ ಹುಟ್ಟುದೋಣಿಗಳನ್ನು ಬಾಡಿಗೆಗೆ ಕೊಡುತ್ತಿದ್ದ ಹೆಂಗಸನ್ನು ಎಲ್ಲರೂ ದೋಣಿಯಕ್ಕ ಎನ್ನುತ್ತಿದ್ದರು. ಅವತ್ತು ಬೆಳಿಗ್ಗೆ ಬಂದವರು ಅರವತ್ತು ದಾಟಿದ ಗಂಡ ಹೆಂಡತಿ, ಪ್ರವಾಸಿಗರು. ಎದುರಿನ ಬಂಡೆಯವರೆಗೆ ಹೋಗಿ ಹಕ್ಕಿ ನೋಡಿಕೊಂಡು ಬರುವ ಆಸೆ ಅವರಿಗೆ.

“ಹುಟ್ಟು ಹಾಕಿ ಅಭ್ಯಾಸ ಇದೆಯಾ ಯಜಮಾನ್ರೇ?”

“ಇವರಿಗೆ ಕಾರು ರಿವರ್ಸ್ ತೆಗೆಯೋಕೇ ಬರಲ್ಲ ಕಣಮ್ಮ, ದೋಣಿ ಬಿಡ್ತಾರಂತೆ!” ಎಂದು ಹೆಂಡತಿ ನಕ್ಕಳು. ದೋಣಿಯಕ್ಕನೂ ನಗುತ್ತಲೇ ಇಬ್ಬರಿಗೂ ಲೈಫ್ ಜಾಕೆಟ್ ಕಟ್ಟಿ ದೋಣಿ ನೂಕಿದಳು.

ಹನ್ನೊಂದರ ಸುಮಾರಿಗೆ ಅವರಿನ್ನೂ ಕೂಗಳತೆಯಲ್ಲಿದ್ದರು. ಆಗ ಹಗ್ಗದ ಮೇಲೆ ಒಣಹಾಕಿದ್ದ ಟವೆಲ್ಲುಗಳು ಸಮುದ್ರದ ಕಡೆಗೆ ಹಾರತೊಡಗಿದವು. ಗಾಳಿ ದಡದಿಂದ ಬೀಸಿದರೆ ಸಣ್ಣ ದೋಣಿಗಳನ್ನು ಹೊರಗೆ ತಳ್ಳಿಕೊಂಡು ಹೋಗುತ್ತದೆ. ತಕ್ಷಣ ಸೀಟಿ ಊದಿ ವಾಪಸ್ ಕರೆಯಬೇಕು. ಸೀಟಿ ಅವಳ ಕೊರಳಲ್ಲೇ ಇತ್ತು. ಆದರೆ ಹಿಂದಿನ ದಿನ ಹೀಗೇ ಕರೆದಾಗ ಗಾಳಿ ಐದೇ ನಿಮಿಷಕ್ಕೆ ಅಡಗಿ, ಅರ್ಧಕ್ಕೇ ವಾಪಸ್ ಬಂದ ಪ್ರವಾಸಿಗರು ಅವಳನ್ನು ಬಾಯಿಗೆ ಬಂದಂತೆ ಬೈದಿದ್ದರು. ಇನ್ನೊಂಚೂರು ನೋಡೋಣ ಎಂದು ಟವೆಲ್ಲುಗಳನ್ನು ಮಡಚುತ್ತಾ ಕೂತಳು. ಮತ್ತೆ ತಲೆ ಎತ್ತಿ ನೋಡಿದಾಗ ದೋಣಿ ಬಂಡೆಯನ್ನೂ ದಾಟಿತ್ತು. ಉಸಿರು ಕಟ್ಟುವಷ್ಟು ಊದಿದಳು. ಯಾರಿಗೂ ಕೇಳಲಿಲ್ಲ.

ಎಂಟು ದಿನ ಹುಡುಕಿದರು. ನಾಲ್ಕನೆಯ ದಿನ ದೋಣಿ ಮಾತ್ರ ಸಿಕ್ಕಿತು. ಮಗುಚಿರಲಿಲ್ಲ. ಎರಡು ಜಾಕೆಟ್ಟುಗಳೂ ಅದರಲ್ಲೇ ಬಿದ್ದಿದ್ದವು.

ಪೊಲೀಸರು ಕೇಳಿದಾಗ ದೋಣಿಯಕ್ಕ, “ಗಾಳಿ ತಿರುಗಿದ್ದು ಹನ್ನೆರಡಕ್ಕೆ ಸಾರ್. ಅಷ್ಟು ಹೊತ್ತಿಗೆ ಅವರು ಬಂಡೆ ದಾಟಿ ಹೋಗಿಬಿಟ್ಟಿದ್ರು” ಎಂದಳು. ಯಾರೂ ಅನುಮಾನ ಪಡಲಿಲ್ಲ.

ಎರಡು ವರ್ಷದ ಮೇಲೆ ಆ ಗಂಡ ಹೆಂಡತಿಯ ಮಗಳು ದೋಣಿಯಕ್ಕನನ್ನು ಹುಡುಕಿಕೊಂಡು ಬಂದಳು.

“ಗಾಳಿ ತಿರುಗೋಕೆ ಮುಂಚೇನೇ ಬಂಡೆ ದಾಟಿದಾರೆ ಅಂದ್ರೆ, ಬೇಕು ಅಂತಲೇ ಹೋಗಿರಬೇಕು ಅಂತಾರೆ ಎಲ್ಲರೂ. ಹಿಂದಿನ ದಿನ ಫೋನಲ್ಲಿ ಅಮ್ಮನ ಹತ್ರ ಜಗಳ ಆಡಿದ್ದೆ. ನಿಮ್ಮಿಬ್ಬರ ಕಾಟ ಸಾಕಾಗಿದೆ ಅಂದುಬಿಟ್ಟೆ. ಅದಕ್ಕೇ ಹೋದ್ರಾ ಅಕ್ಕಾ?”

ತಾನು ಬಚಾವಾಗಲು ಆಡಿದ ಒಂದು ಮಾತು ಈ ಹುಡುಗಿಯನ್ನು ಎರಡು ವರ್ಷ ತಿಂದುಹಾಕಿದೆ ಎಂದು ದೋಣಿಯಕ್ಕನಿಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

“ಇಲ್ಲ ಕಣಮ್ಮ. ಗಾಳಿ ಹನ್ನೊಂದಕ್ಕೇ ತಿರುಗಿತ್ತು. ಕೂಗಿದ್ರೆ ಕೇಳೋ ಅಷ್ಟು ಹತ್ತಿರ ಇದ್ರು. ನಾನು ಕರೀಲಿಲ್ಲ.”

ಮಗಳು ಅವಳ ತೋಳು ಹಿಡಿದಳು. “ನಡೀರಿ,” ಎಂದಳು. “ಇದನ್ನೇ ಸ್ಟೇಷನ್ನಲ್ಲೂ ಹೇಳಿ.”

ಇನ್‌ಸ್ಪೆಕ್ಟರ್ ಹೊಸ ಹೇಳಿಕೆ ಬರೆದುಕೊಂಡು, “ಹಾಗಿದ್ರೂ ಜಾಕೆಟ್ ಯಾಕೆ ಬಿಚ್ಚಿದ್ರು?” ಎಂದರು. ಆ ಪ್ರಶ್ನೆಯನ್ನೂ ಹೇಳಿಕೆಯ ಕೆಳಗೆ ಬರೆದಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ದೋಣಿಯಕ್ಕ ಕೈ ಮುಗಿಯಹೋದಳು. ಮಗಳು ಅವಳ ಕೈ ತಡೆದಳು. “ಬೇಡ. ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ. ಆದ್ರೆ ಇವತ್ತು ಮನೆಗೆ ಹೋಗಿ ನಿದ್ದೆ ಮಾಡ್ತೀನಿ” ಎಂದು ಹೇಳಿ ಬಸ್ಸು ಹತ್ತಿದಳು.

ಮರುತಿಂಗಳು ದೋಣಿಯಕ್ಕನ ಪರವಾನಗಿ ರದ್ದಾಯಿತು. ಅವಳು ಅದರ ವಿರುದ್ಧ ಒಂದು ಅರ್ಜಿಯನ್ನೂ ಹಾಕಲಿಲ್ಲ.